ಎರಡನೇ ಗೇಟು ನೋಡಿ ಲಾರಿ ಕಂಪನಿ ಆರಿಸಿಕೊಂಡವನ ಬಹಿರಂಗ ಅಹವಾಲು

ಕೊಳವೆ ಸಾಗಿಸುವ ನಮ್ಮ ಲಾರಿ ಕಂಪನಿಯ ಸನ್ಮಾನ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಮನೆಯವರು, ತಮ್ಮ ಮೇಜಿನ ಮೇಲೆ ತಮ್ಮ ಕಡೆಗೆ ಮಾತ್ರ ಗಾಳಿ ಬೀಸುವ ಆ ಸಣ್ಣ ಫ್ಯಾನು, ಎಲ್ಲರೂ ಕ್ಷೇಮವೆಂದು ನಂಬಿ, ಇತ್ತ ನಾನೂ ಕ್ಷೇಮವೆಂದು ತಿಳಿಸುತ್ತಾ, ತಮ್ಮ ಟ್ರೇಲರ್ ಚಾಲಕರ ಪೈಕಿ ವಯಸ್ಸಿನಲ್ಲಿ ಎರಡನೆಯವನೂ ಅನುಭವದಲ್ಲಿ ಕಟ್ಟಕಡೆಯವನೂ ಆದ ನಾನು ಈ ಕಾಗದ ಬರೆಯುತ್ತಿದ್ದೇನೆ. ಇದುವರೆಗೆ ನಾನು ಬರೆದದ್ದೆಲ್ಲ ತಂಗಿಗೆ, ಷಡ್ಡಕನಿಗೆ, ಸೋದರಳಿಯಂದಿರಿಗೆ ಬರೆದ ಕಾಗದಗಳೇ ಆದ್ದರಿಂದ, ನಡುವೆ ಎಲ್ಲಾದರೂ ತಮ್ಮ ಎದೆಯುರಿ ಹೇಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ ಎಂದು ಕೇಳಿಬಿಟ್ಟರೆ ಅದನ್ನು ಸಲಿಗೆ ಎಂದು ತಿಳಿಯದೆ ಕೈಯ ಚಟವೆಂದು ಮನ್ನಿಸಬೇಕು. ಇದು ದೂರೂ ಹೌದು, ರಾಜೀನಾಮೆಯೂ ಹೌದು. ತಮ್ಮ ಯಾರ್ಡಿನಲ್ಲಿ ಹಿಂದಕ್ಕೆ ಬರುವ ಲಾರಿಯ ಅಡಿಗೆ ಯಾರಾದರೊಬ್ಬರು ಸಿಕ್ಕಿಕೊಳ್ಳುವ ಮೊದಲೇ ತಮ್ಮ ಕೈ ಸೇರಲಿ ಎಂಬ ಆತುರವಂತೂ ಹೌದೇ ಹೌದು. ಇದರ ಒಂದು ಪ್ರತಿಯನ್ನು ಚಾಲಕರು ನೀರು ಕುಡಿಯುವ ಜಾಗದ ಗೋಡೆಗೂ ಅಂಟಿಸಿದ್ದೇನೆ. ತಮಗೆ ಓದಲು ಪುರುಸೊತ್ತಾಗದಿದ್ದರೆ ಅಲ್ಲಿ ಯಾರಾದರೂ ಗಟ್ಟಿಯಾಗಿ ಓದುವುದು ತಮ್ಮ ಕಿಟಕಿಗೆ ಕೇಳಿಸುತ್ತದೆ.

ನಾನು ಅರ್ಧ ಆಯುಷ್ಯ ದರ್ಜಿಯಾಗಿದ್ದವನು. ಜನ ಹೊಲಿದಿಟ್ಟ ಬಟ್ಟೆಗಳನ್ನೇ ಕೊಳ್ಳತೊಡಗಿ, ನನ್ನ ಪಾಲಿಗೆ ಇನ್ನೊಬ್ಬರು ಹೊಲಿದ ಪ್ಯಾಂಟಿನ ಕಾಲು ಗಿಡ್ಡ ಮಾಡುವ ಕೆಲಸವಷ್ಟೇ ಉಳಿದಾಗ, ಓರಗೆಯವರು ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ವಿಚಾರಿಸಿಕೊಳ್ಳುವ ವಯಸ್ಸಿನಲ್ಲಿ ನಾನು ಭಾರಿ ವಾಹನದ ಲೈಸೆನ್ಸು ಮಾಡಿಸಿಕೊಂಡೆ. ನನ್ನ ಹೆಂಡತಿ, "ಇಷ್ಟು ವರ್ಷ ಮಿಷಿನ್ನಿನ ಪೆಡಲ್ ತುಳಿದ ಕಾಲು ನಿಮ್ದು, ಅದಕ್ಕೆ ಬ್ರೇಕು ಅನ್ನೋದೊಂದಿದೆ ಅಂತ ಮೊದಲು ಹೇಳ್ಕೊಡಿ" ಎಂದು ಹರಸಿ ಕಳಿಸಿದಳು. ಮುಂದಕ್ಕೆ ಓಡಿಸುವುದರಲ್ಲಿ, ಹೇಳಿಕೊಳ್ಳಬಾರದು, ನಾನು ಕೆಟ್ಟವನಲ್ಲ. ನೇರ ಹೊಲಿಗೆ ಹಾಕಿದ ಕೈ, ಸಾಲು ಬಿಟ್ಟು ಹೋಗುವುದಿಲ್ಲ. ಕಷ್ಟವಿರುವುದು ಹಿಂದಕ್ಕೆ ಬರುವುದರಲ್ಲಿ. ಹೊಲಿಗೆ ಯಂತ್ರದಲ್ಲಿ ಒಂದು ಸಣ್ಣ ಹಿಡಿ ಒತ್ತಿದರೆ ಬಟ್ಟೆ ಸಾಧು ಹಸುವಿನ ಹಾಗೆ ಹಿಂದೆ ಬರುತ್ತದೆ. ಟ್ರೇಲರ್ ಎಂಬುದಕ್ಕೆ ಮಾತ್ರ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗಿ, ಕೊನೆಗೆ ಎರಡೂ ಬೇಡವೆಂದು ನಡುವೆ ಮಡಚಿಕೊಂಡು ಚಾಲಕನ ಮುಖವನ್ನೇ ನೋಡುತ್ತಾ ನಿಲ್ಲುವ ಸ್ವಭಾವ. ಮೊದಲು ಕೆಲಸ ಮಾಡಿದ ಕಡೆ ಇದ್ದದ್ದು ಎರಡೇ ಲಾರಿ. ಮಾಲೀಕರ ತಮ್ಮ ಒಂದನ್ನು ಓಡಿಸುತ್ತಿದ್ದರು, ನನ್ನದನ್ನೂ ಅವರೇ ಹಿಂದಕ್ಕೆ ತೆಗೆದುಕೊಡುತ್ತಿದ್ದರು, ನಾನು ಆ ಹೊತ್ತಿನಲ್ಲಿ ಅವರ ಚಹಾ ಹಿಡಿದುಕೊಂಡು "ಬರ್ಲಿ, ಬರ್ಲಿ" ಎನ್ನುತ್ತಿದ್ದೆ. ವರ್ಷ ತುಂಬುವ ಮೊದಲೇ ಮಾಲೀಕರು ಎರಡೂ ಲಾರಿ ಮಾರಿ ಕೋಳಿ ಸಾಕಣೆಗೆ ಇಳಿದರು. ಮುಂದಕ್ಕಷ್ಟೇ ಗೊತ್ತಿದ್ದ ನಾನು ಹೊಸ ಕಂಪನಿ ಹುಡುಕುತ್ತಾ ಬೀದಿಗೆ ಬಿದ್ದೆ.

ಹುಡುಕುವಾಗ ತಿಳಿದದ್ದೇನೆಂದರೆ, ಹೆಚ್ಚಿನ ಕಂಪನಿಗಳಿಗೆ ಬೇಕಾದದ್ದು ಎರಡು ವರ್ಷ ಅನುಭವವಿರುವ ಚಾಲಕ. ಆ ಎರಡು ವರ್ಷವನ್ನು ಆತ ಎಲ್ಲಿ ಕಳೆದಿರಬೇಕು ಎಂಬುದನ್ನು ಯಾವ ಕಂಪನಿಯೂ ತಿಳಿಸಲಿಲ್ಲ. ಪ್ರಾಯಶಃ ಒಳ್ಳೆಯ ಮನೆತನದ ಚಾಲಕರು ತಾಯಿಯ ಹೊಟ್ಟೆಯಲ್ಲಿಯೇ ಅದನ್ನು ಮುಗಿಸಿಕೊಂಡು ಬರುತ್ತಾರೆ. ಬಸ್ಸು ಓಡಿಸುವ ನನ್ನ ಭಾವಮೈದ, "ಭಾವ, ಸಂಬಳ ಗಿಂಬಳ ಆಮೇಲೆ. ಒಳಗೆ ನಿಂತಿರೋ ಲಾರಿ ಟೈರ್ ನೋಡು. ಟೈರ್ ಬೋಳಾಗಿದ್ರೆ ಮಾತೇ ಆಡಬೇಡ, ವಾಪಸ್ ಬಾ" ಎಂದ. ಹೆಂಡತಿ, "ಟೈರ್ ನೀವು ನೋಡ್ಕೊಳ್ಳಿ, ರಾತ್ರಿ ಮನೆಗೆ ಬಿಡ್ತಾರಾ ಅಂತ ಮಾತ್ರ ಕೇಳ್ಕೊಂಬನ್ನಿ" ಎಂದಳು. ಇಬ್ಬರ ಮಾತಿಗೂ ತಲೆಯಾಡಿಸಿ ಹೊರಟ ನಾನು ಮನಸ್ಸಿನಲ್ಲಿ ಕಂಪನಿಯನ್ನು ಅಳೆಯುತ್ತಿದ್ದ ಟೇಪು ಬೇರೆಯೇ ಆಗಿತ್ತು.

ಮೊದಲು ಹೋದ ದೊಡ್ಡ ಕಂಪನಿಯಲ್ಲಿ ಸೋಫಾ ಎಷ್ಟು ಮೆತ್ತಗಿತ್ತೆಂದರೆ ಕೂತವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಆಳು ಸೇರಿಸಿಕೊಳ್ಳುವ ಯುವಕ, "ಅಂಕಲ್, ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ" ಎಂದು ಕೈ ಹಿಡಿದುಕೊಂಡ. ಮನೆಗೆ ಯಾವಾಗ ಬಿಡುತ್ತೀರಪ್ಪಾ ಎಂದು ಕೇಳಿದೆ. "ಇದೇ ನಿಮ್ಮನೆ ಅಂದ್ಕೊಳ್ಳಿ" ಎಂದ. ನನಗೆ ಈಗಾಗಲೇ ಒಂದು ಫ್ಯಾಮಿಲಿ ಇದ್ದು, ಅದನ್ನು ಸುಧಾರಿಸುವುದರಲ್ಲೇ ಸಾಕುಸಾಕಾಗಿದೆ ಎಂದು ಹೇಳಿ ಬಂದೆ.

ಎರಡನೆಯದರ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅದು ಸಣ್ಣ ಕಂಪನಿ, ಟೈರುಗಳು ಹೊಸವು, ಹೊಸ ಚಾಲಕರನ್ನು ಸೇರಿಸಿಕೊಂಡು ಕಲಿಸುವ ಪದ್ಧತಿಯೂ ಇತ್ತು. ದೂರದ ಓಟವಾದ್ದರಿಂದ ವಾರಗಟ್ಟಲೆ ಹೊರಗಿರಬೇಕು, ಅದೊಂದು ಕೊರತೆ. ಕಲಿಸುವವರು ನನ್ನ ಮಗಳ ವಯಸ್ಸಿನ ಒಬ್ಬ ಮೇಡಂ. ಅವರು ನನ್ನ ಲೈಸೆನ್ಸು ನೋಡಲಿಲ್ಲ, ಊರು ಕೇರಿ ಕೇಳಲಿಲ್ಲ. ಖಾಲಿ ಬಯಲಿನಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಎರಡು ಸಾಲು ಇಟ್ಟು, "ಹತ್ತಿ ಸಾರ್, ಇದರ ಮಧ್ಯೆ ಹಿಂದಕ್ಕೆ ತಗೊಳ್ಳಿ ನೋಡೋಣ" ಎಂದರು. ಆ ಕ್ಷಣದಲ್ಲಿ ನನಗೆ ತಡೆಯಲಾರದ ಹೊಟ್ಟೆನೋವು ಬಂತು. ಅದು ನಾನೇ ಬರಿಸಿಕೊಂಡ ನೋವಾದ್ದರಿಂದ ರಸ್ತೆಯ ತಿರುವಿನವರೆಗೂ ಬಗ್ಗಿಕೊಂಡೇ ನಡೆದೆ, ತಿರುವು ದಾಟಿದ ಮೇಲೆ ನೆಟ್ಟಗಾದೆ.

ಮೂರನೆಯದೇ ತಮ್ಮದು. ಮಾನ್ಯರೇ, ತಾವು ಅಂದು ನನ್ನೆದುರು ಕೂತು ರಜೆ, ಬೋನಸ್ಸು, ವಿಮೆ ಎಂದು ಏನೇನೋ ಪ್ರೀತಿಯಿಂದ ವಿವರಿಸುತ್ತಿದ್ದಿರಿ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ತಮ್ಮ ತಲೆಯ ಹಿಂದಿನ ಕಿಟಕಿಯಲ್ಲಿ, ಉದ್ದಕ್ಕೆ ಓಣಿಯಂತೆ ಚಾಚಿದ ಯಾರ್ಡಿನ ಆ ತುದಿಯಲ್ಲಿ, ಆಕಾಶದ ಬಣ್ಣ ಬಳಿದುಕೊಂಡು, ಕೀಲುಗಳಿಗೆ ಎಣ್ಣೆ ಹಚ್ಚಿಸಿಕೊಂಡು, ಮದುವಣಗಿತ್ತಿಯ ಹಾಗೆ ನಿಂತಿದ್ದ ಎರಡನೇ ಗೇಟು ಕಾಣುತ್ತಿತ್ತು. ಒಂದು ಗೇಟಿನಲ್ಲಿ ಒಳಗೆ, ಇನ್ನೊಂದು ಗೇಟಿನಲ್ಲಿ ಹೊರಗೆ! ಸಾಗಿಸುವುದೋ ಕೊಳವೆ, ಪಕ್ಕದಿಂದ ಕ್ರೇನಿನಲ್ಲಿ ಏರಿಸಿ ಪಕ್ಕದಿಂದ ಇಳಿಸುತ್ತಾರೆ, ಎಲ್ಲಿಯೂ ಹಿಂದಕ್ಕೆ ಬರುವ ಪ್ರಮೇಯವಿಲ್ಲ. ಜೀವಮಾನವಿಡೀ ಮುಂದಕ್ಕೇ ಹೋಗಬಹುದಾದ ನೌಕರಿ. ಜೊತೆಗೆ ಸಂಜೆ ಮನೆಗೆ. ತಾವು "ಏನಾದ್ರೂ ಕೇಳೋದಿದೆಯಾ?" ಎಂದಾಗ ನಾನು ಏನನ್ನೂ ಕೇಳಲಿಲ್ಲ. ಗೇಟು ತೆರೆಯುತ್ತದೆಯೇ ಎಂದು ಕೇಳುವುದು, ದರ್ಜಿಯ ಅಂಗಡಿಗೆ ಬಂದು ಸೂಜಿಗೆ ಕಣ್ಣಿದೆಯೇ ಎಂದು ಕೇಳಿದಷ್ಟು ಅಗೌರವವೆಂದು ಭಾವಿಸಿದೆ.

ಮೊದಲ ದಿನ ರಸ್ತೆಯಲ್ಲೇ ನನ್ನ ಕೈಗೆ ಕೊಟ್ಟ ಲಾರಿಯನ್ನು ಸಂಜೆ ಒಳಗೆ ತಂದು, ಎರಡನೇ ಗೇಟಿನ ಮುಂದೆ ನಿಲ್ಲಿಸಿ, ಮಾರನೆಯ ಬೆಳಿಗ್ಗೆ ಹಾರನ್ನು ಹೊಡೆದೆ. ಯಾರ್ಡಿಗಿರುವ ಒಬ್ಬರೇ ಕಾವಲುಗಾರರು ನಿಧಾನವಾಗಿ ಬಂದು, "ಯಜಮಾನ್ರೇ, ಅದು ತೆಗೆಯೋ ಗೇಟಲ್ಲ, ನೋಡೋ ಗೇಟು" ಎಂದರು. ಸಂದಿಯಲ್ಲಿ ಇಣುಕಿದೆ. ಗೇಟಿಗೆ ಒಂದು ಗೇಣು ದೂರದಲ್ಲಿ ಪಕ್ಕದವರ ಶೀತಲ ಗೋದಾಮಿನ ಗೋಡೆ, ಆಕಾಶದವರೆಗೆ. ಆ ಗೋಡೆ ಎದ್ದು ಎಷ್ಟೋ ವರ್ಷಗಳಾದವಂತೆ. ಗೇಟಿಗೆ ಮಾತ್ರ ತಪ್ಪದೆ ಪ್ರತಿವರ್ಷ ಬಣ್ಣ. ನನ್ನ ಪಕ್ಕದ ಲಾರಿಯ ಮೀಸೆಯ ಚಾಲಕ ನನ್ನ ಮುಖ ನೋಡಿ, "ಬೇಜಾರು ಮಾಡ್ಕೋಬೇಡಣ್ಣ. ನಾನೂ ಗೇಟು ನೋಡ್ಕೊಂಡೇ ಸೇರಿದ್ದು" ಎಂದ. ಅವನ ಆಚೆಯವನೂ ತಲೆಯಾಡಿಸಿದ. ಅದರಾಚೆಯವನು ಕೆಮ್ಮಿದ. ಮಾನ್ಯರೇ, ಆಗ ತಮ್ಮ ಜಾಣ್ಮೆಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಬೇರೆ ಕಂಪನಿಗಳು ಜಾಹೀರಾತಿಗೆ ಎಷ್ಟೆಲ್ಲ ಸುರಿಯುತ್ತವೆ. ತಾವು ಒಂದು ಡಬ್ಬ ನೀಲಿ ಬಣ್ಣದಲ್ಲಿ ಸುತ್ತಮುತ್ತಲಿನ ಪುಕ್ಕಲು ಚಾಲಕರನ್ನೆಲ್ಲ ಆರಿಸಿ ಕಲೆಹಾಕಿದ್ದೀರಿ. ಬೇರೆ ಕಡೆ ಹೋದರೆ ಹಿಂದಕ್ಕೆ ತೆಗೆದು ತೋರಿಸಬೇಕಾದ್ದರಿಂದ ನಾವು ಯಾರೂ ಬಿಟ್ಟು ಹೋಗುವವರೂ ಅಲ್ಲ. ಇಷ್ಟು ನಿಷ್ಠಾವಂತ ಸಿಬ್ಬಂದಿ ಯಾರಿಗುಂಟು ಹೇಳಿ.

ಹಾಗಾದರೆ ಲಾರಿಗಳು ದಿನವೂ ಹೊರಗೆ ಹೋಗುವುದು ಹೇಗೆ ಎಂದು ಗೋಡೆಯ ಮೇಲೆ ಇದನ್ನು ಓದುವ ಹೊಸಬರು ಕೇಳಬಹುದು. ನಮ್ಮಲ್ಲಿ ಮಾವ ಇದ್ದಾರೆ. ಯಾರಿಗೂ ಸಂಬಂಧದಲ್ಲಿ ಮಾವನಲ್ಲ, ಎಲ್ಲರಿಗೂ ಮಾವ. ಈ ಕಂಪನಿಯ ಮೊದಲ ಲಾರಿಯ ಚಾಲಕ, ಈಗ ಓಟಕ್ಕೆ ಹೋಗುವುದಿಲ್ಲ; ಪ್ರತಿ ಬೆಳಿಗ್ಗೆ ಒಂದೊಂದೇ ಲಾರಿ ಹತ್ತಿ, ಆ ಓಣಿಯಲ್ಲಿ ಹಿಂದುಹಿಂದಕ್ಕೆ ತೆಗೆದು, ರಸ್ತೆಯಲ್ಲಿ ನಿಲ್ಲಿಸಿ, ಇಳಿದು, "ತಗೊಳ್ಳಪ್ಪ ನಿನ್ನ ಕುದುರೆ" ಎಂದು ಕೊಡುವುದೇ ಅವರ ಕೆಲಸ. ಹಿಂದೆ ಕಾವಲುಗಾರರು ನಿಂತು ಸೀಟಿ ಊದುತ್ತಾರೆ. ಸೀಟಿ ಕೇಳುತ್ತಿದ್ದರೆ ಬರಬಹುದು, ನಿಂತರೆ ನಿಲ್ಲಬೇಕು. ನಾವೆಲ್ಲ ಅಷ್ಟು ಹೊತ್ತು ಸಾಲಾಗಿ ನಿಂತು, ಕ್ಷೌರದಂಗಡಿಯಲ್ಲಿ ಸರದಿ ಕಾಯುವವರ ಹಾಗೆ, ಮಾವನನ್ನು ಹೊಗಳುತ್ತೇವೆ.

ನಾನೂ ಹೊಗಳಿದೆ. ಹೊಗಳುತ್ತಲೇ ಒಂದು ದಿನ ಗಮನಿಸಿದೆ, ಮಾವ ಬೀಗದ ಕೈಯನ್ನು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಹುಡುಕಿ ತೂರಿಸುತ್ತಾರೆ. ಲಾರಿ ಯಾರದೆಂದು ನಂಬರಿನಿಂದಲ್ಲ, ಇಂಜಿನ್ನಿನ ಸದ್ದಿನಿಂದ ಹೇಳುತ್ತಾರೆ. ಅಂಗಿಯ ಗುಂಡಿ ಹಾಕಿಕೊಡೆಂದು ನನ್ನ ಬಳಿ ಬಂದಾಗ, ಬಿಳಿ ಅಂಗಿಗೆ ಹಾಕಲು ಅವರು ಕೊಟ್ಟ ಗುಂಡಿ ಕಂದು ಬಣ್ಣದ್ದಾಗಿತ್ತು. ಎಡಗಣ್ಣಿಗೆ ಪೂರ್ತಿ ಪೊರೆ ಬಂದಿತ್ತು, ಬಲಗಣ್ಣಿಗೆ ಬರುತ್ತಿತ್ತು. "ಕನ್ನಡಿ ಯಾಕೋ, ಈ ಯಾರ್ಡು ನನಗೆ ಬಾಯಿಪಾಠ" ಎನ್ನುತ್ತಿದ್ದರು. ನಾನು ಬಿಳಿ ಗುಂಡಿಯನ್ನೇ ಹುಡುಕಿ ಹಾಕಿಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಮಾವ ಆಸ್ಪತ್ರೆಗೆ ಹೋಗಬೇಕು, ಮಾವ ಆಸ್ಪತ್ರೆಗೆ ಹೋದರೆ ಮಾರನೆಯ ಬೆಳಿಗ್ಗೆ ನನ್ನ ಲಾರಿಯನ್ನು ನಾನೇ ತೆಗೆಯಬೇಕು. ಮೀಸೆಯವನೂ ಬಾಯಿ ಬಿಡಲಿಲ್ಲ, ಯಾರೂ ಬಿಡಲಿಲ್ಲ. ಇದರಲ್ಲಿ ತಮ್ಮನ್ನು ದೂರುವುದಿಲ್ಲ. ತಾವು ಆ ಹೊತ್ತಿನಲ್ಲಿ ಇನ್ನೂ ಮನೆಯಿಂದ ಹೊರಟಿರುವುದಿಲ್ಲ.

ಕಳೆದ ವಾರದ ಸಂಗತಿ ತಮಗೆ ವರದಿಯಾಗಿದೆ, ಎಷ್ಟು ವರದಿಯಾಗಿದೆ ಎಂಬುದು ಗೊತ್ತಿಲ್ಲ. ಮಾವ ಮೀಸೆಯವನ ಲಾರಿ ತೆಗೆಯುತ್ತಿದ್ದರು. ಹಿಂದೆ ಊದುತ್ತಿದ್ದ ಕಾವಲುಗಾರರ ಬಾಯಿಂದ ಸೀಟಿ ಜಾರಿ ನೆಲಕ್ಕೆ ಬಿತ್ತು. ಅವರು ಎತ್ತಿಕೊಳ್ಳಲು ಬಗ್ಗಿದರು. ಸದ್ದು ನಿಂತಿತು, ಲಾರಿ ನಿಲ್ಲಲಿಲ್ಲ. ಕಾವಲುಗಾರರು ಆಗಾಗ ಊದುವುದು ಬಿಟ್ಟು ಒಂದು ಗುಟುಕು ಚಹಾ ಹೀರುವ ಅಭ್ಯಾಸದವರು, ಮಾವನಿಗೆ ಆ ಮೌನವೂ ಬಾಯಿಪಾಠ. ಯಾರ್ಡಿನ ಗೋಡೆ, ಕಂಬ, ಗುಂಡಿ ಎಲ್ಲ ಅವರ ಪಾಠದಲ್ಲಿತ್ತು, ಬಗ್ಗಿದ ಮನುಷ್ಯನೊಬ್ಬ ಇರಲಿಲ್ಲ. ನಾನು ಪಕ್ಕದಿಂದ ನೋಡಿದೆ. ಟ್ರೇಲರಿನ ಮೈಗೆ ಎರಡೂ ಅಂಗೈಯಿಂದ ಬಡಿಯುತ್ತಾ "ಮಾವಾ, ನಿಲ್ಸೂ!" ಎಂದು ಕಿರುಚಿದ್ದು ನನ್ನದೇ ದನಿಯೆಂದು ನನಗೆ ಆಮೇಲೆ ತಿಳಿಯಿತು. ಚಕ್ರ ನಿಂತದ್ದು ಕಾವಲುಗಾರರ ಊಟದ ಡಬ್ಬಿಯ ಮೇಲೆ. ಅವರು ಡಬ್ಬಿಯ ಆಚೆಗಿದ್ದರು, ಒಂದು ಮೊಳವೂ ದೂರವಿಲ್ಲ. ಎದ್ದು ಕೂತು, ಚಕ್ರದಡಿಯನ್ನು ನೋಡಿ, "ಬೆಳಿಗ್ಗೆನೇ ತಿಂದುಬಿಟ್ಟಿದ್ರೆ ಆಗ್ತಿತ್ತು" ಎಂದರು.

ಮಾವ ಲಾರಿಯನ್ನು ಒಂದು ಮಾರು ಮುಂದಕ್ಕೆ ಸರಿಸಿ ಇಳಿದು ಬಂದರು. ಏನಾಯಿತೆಂದು ಕೇಳುತ್ತಾ ನೆಲದ ಮೇಲೆ ಕೈಯಾಡಿಸಿ, ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿದ್ದ ಆ ಡಬ್ಬಿಯನ್ನು ಎತ್ತಿ, ಬೆರಳಿನಿಂದ ಅಂಚು ಸವರಿ, "ಯಾರದಪ್ಪ ಇದು, ತಟ್ಟೆ?" ಎಂದರು. ಆಮೇಲೆ ಅವರನ್ನು ನೆರಳಿಗೆ ಕೂರಿಸಿ ನೀರು ಕೊಟ್ಟಾಗ ನನ್ನ ಕೈ ಹಿಡಿದು ಮೆಲ್ಲಗೆ, "ನಿನಗೆ ಗೊತ್ತಿತ್ತಲ್ವಾ?" ಎಂದರು.

"ಗೊತ್ತಿತ್ತು ಮಾವ."

"ಇವರಿಗೆಲ್ಲ?"

"ಎಲ್ರಿಗೂ."

"ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ ಕಣೋ," ಎಂದು ಅವರು ನಕ್ಕರು. ಮಾನ್ಯರೇ, ನನ್ನನ್ನು ಜೀವನದಲ್ಲಿ ಅನೇಕರು ಬೈದಿದ್ದಾರೆ, ಅಳತೆ ತಪ್ಪಿದ ಮದುವೆ ಕೋಟಿನ ಗಂಡು ಅಂಗಡಿಯ ಮುಂದೆ ನಿಂತೇ ಬೈದಿದ್ದಾನೆ. ಆ ನಗುವಿನಷ್ಟು ಯಾವುದೂ ನಾಟಲಿಲ್ಲ.

ತಾವು ಹತ್ತು ಗಂಟೆಯ ಮೇಲೆ ಬಂದಿರಿ. ಎಲ್ಲ ಕೇಳಿ, "ಏನೂ ಆಗಿಲ್ಲ ತಾನೇ?" ಎಂದಿರಿ. ಕಾವಲುಗಾರರಿಗೆ ಹೊಸ ಡಬ್ಬಿ ಕೊಡಿಸಿದಿರಿ, ಮೂರು ಅಂತಸ್ತಿನದು, ಆ ಔದಾರ್ಯವನ್ನು ಮರೆಯುವ ಹಾಗಿಲ್ಲ. ಸಂಜೆಗೆ ಬಣ್ಣದವರನ್ನೂ ಕರೆಸಿ, ಹೊಸ ಚಾಲಕರು ನೋಡಲು ಬರುತ್ತಿದ್ದಾರೆಂದು ಎರಡನೇ ಗೇಟಿಗೆ ಇನ್ನೊಂದು ಕೈ ನೀಲಿ ಬಳಿಸಿದಿರಿ. ಮಾರನೆಯ ಬೆಳಿಗ್ಗೆ ಮಾವನನ್ನೇ ಲಾರಿ ಹತ್ತಿಸಿದಿರಿ.

ಮನೆಯಲ್ಲಿ ನಾನು ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದ್ದೆ. ಹೆಂಡತಿ ಎರಡು ದಿನ ನೋಡಿದಳು, ಮೂರನೆಯ ದಿನ ಬಾಯಿ ಬಿಡಿಸಿದಳು. ಗೇಟಿನ ಕತೆ, ಹೊಟ್ಟೆನೋವಿನ ಕತೆ ಎಲ್ಲ ಕೇಳಿ, "ಅಲ್ರೀ, ಕಂಪನಿಯಲ್ಲಿ ರಸ್ತೆ ಚೆನ್ನಾಗಿದೆ ಅಂತ ಸೇರ್ಕೊಂಡೆ ಅಂದಿದ್ರಲ್ಲ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಆಮೇಲೆ ನಗದೆ ಹೇಳಿದಳು: "ದಿನಾ ಮನೆಗೆ ಬಂದು ಹಿಂಗೆ ಗೋಡೆ ನೋಡ್ತಾ ಕೂರೋದಾದ್ರೆ ಯಾಕೆ ಬರ್ತೀರಿ? ಆ ಹುಡುಗಿ ಹತ್ರ ಹೋಗಿ ಕಲೀರಿ. ವಾರ ಬಿಟ್ಟು ಬನ್ನಿ, ಪರವಾಗಿಲ್ಲ. ಊಟ ಮಾಡೋ ಗಂಡಸಾಗಿ ಬನ್ನಿ."

ಆದ್ದರಿಂದ ಭಾನುವಾರ ಆ ಬಯಲಿಗೆ ಹೋದೆ. ಮೇಡಂ ನನ್ನನ್ನು ನೋಡಿದ ಕೂಡಲೇ, "ಹೊಟ್ಟೆನೋವು ಹೋಯ್ತಾ ಸಾರ್?" ಎಂದರು. ಹೋಗಿಲ್ಲ, ಇಟ್ಟುಕೊಂಡೇ ಬಂದಿದ್ದೇನೆ ಎಂದೆ. ಮೊದಲ ಸಲ ಎಡಸಾಲಿನ ಕೋನುಗಳೆಲ್ಲ ಮಲಗಿದವು, ಎರಡನೆಯ ಸಲ ಬಲಸಾಲಿನವು, ಮೂರನೆಯ ಸಲ ನಾನು ಎರಡೂ ಸಾಲುಗಳಿಗೆ ಸಮಾನ ನ್ಯಾಯ ಒದಗಿಸಿದೆ. ಆಗ ಅವರು ಮೆಟ್ಟಿಲೇರಿ, ನನ್ನ ಕೈಯನ್ನು ಸ್ಟಿಯರಿಂಗಿನ ಮೇಲಿನಿಂದ ತೆಗೆದು ಅದರ ತಳಕ್ಕೆ ಇಟ್ಟು, "ಈಗ ಟ್ರೇಲರ್ ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ ತಗೊಂಡೋಗಿ. ಮೆಲ್ಲಗೆ. ಗೊತ್ತಾಗ್ಲಿಲ್ಲ ಅಂದ್ರೆ ನಿಲ್ಸಿ, ಇಳಿದು ಹೋಗಿ ಹಿಂದೆ ನೋಡ್ಕೊಂಬನ್ನಿ. ಇಳಿದು ನೋಡೋದಕ್ಕೆ ಯಾರೂ ನಗಲ್ಲ" ಎಂದರು. ಅಷ್ಟೇ. ಇಷ್ಟು ದಿನ ಜಗತ್ತಿನ ಜನರಿಂದ ನಾನು ಬಚ್ಚಿಟ್ಟುಕೊಂಡು ತಿರುಗುತ್ತಿದ್ದ ರಹಸ್ಯದ ಗಾತ್ರ ಅಷ್ಟೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಸಲ ಇಳಿದು, ಹದಿನಾಲ್ಕು ಸಲ ಹತ್ತಿ, ಒಂದೇ ಒಂದು ಬಾರಿ ಒಂದೂ ಕೋನು ಬೀಳಿಸದೆ ಒಳಗೆ ಹೋದೆ. ಅದನ್ನು ಹೊಗಳಲು ಅಲ್ಲಿ ಯಾರೂ ಸಾಲಾಗಿ ನಿಂತಿರಲಿಲ್ಲ. ಮೇಡಂ, "ಹ್ಞೂಂ, ಇನ್ನೊಂದ್ಸಲ" ಎಂದರು.

ಅವರ ಕಂಪನಿಗೆ ನಾಳೆಯಿಂದ ಸೇರುತ್ತಿದ್ದೇನೆ. ಕಲಿಯುವ ಚಾಲಕನಾಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬನ ಪಕ್ಕದ ಸೀಟಿನಲ್ಲಿ.

ಮಾನ್ಯರೇ, ಹೊರಡುವವನು ಬೇಡಿಕೊಳ್ಳಬಾರದು, ಆದರೂ ಬೇಡುತ್ತೇನೆ. ತಾವು ಮನಸ್ಸು ಮಾಡಿದರೆ ಪಕ್ಕದವರ ಗೋದಾಮನ್ನು, ಒಳಗಿನ ಸಾಮಾನು ಕರಗದ ಹಾಗೆ, ಒಂದು ನಲವತ್ತು ಅಡಿ ಆಚೆಗೆ ಸರಿಸುವುದು ಕಷ್ಟವಾಗದು. ಅದು ಆಗದಿದ್ದರೆ ಎರಡೂ ತುದಿಯಲ್ಲಿ ಸ್ಟಿಯರಿಂಗ್ ಇರುವ ಲಾರಿಗಳನ್ನು ತರಿಸಿ; ಚಾಲಕರು ಹೋಗುವಾಗ ಒಂದು ತುದಿಯಲ್ಲಿ, ಬರುವಾಗ ಇನ್ನೊಂದರಲ್ಲಿ ಕೂರುತ್ತಾರೆ. ಅದೂ ದುಬಾರಿಯೆನಿಸಿದರೆ ಯಾರ್ಡನ್ನು ದುಂಡಗೆ ಮಾಡಿಸಿ. ಇವೆಲ್ಲಕ್ಕಿಂತ ಅಸಾಧ್ಯವಾದ ಇನ್ನೊಂದು ಉಪಾಯವಿದೆ, ಹೇಳಲು ಧೈರ್ಯ ಸಾಲದು: ನಮ್ಮ ಚಾಲಕರಿಗೆ ಹಿಂದಕ್ಕೆ ತೆಗೆಯುವುದನ್ನು ಕಲಿಸಬಹುದು. ಒಂದು ಬಯಲು, ಒಂದಿಷ್ಟು ಕೋನು, ನಗದೆ ನೋಡುವ ಒಬ್ಬರು ಸಾಕು. ಮೀಸೆಯವನು ಒಪ್ಪಿದ್ದಾನೆ, ಬೇರೆಯವರು ಕೆಮ್ಮುತ್ತಿದ್ದಾರೆ, ಅದು ಒಪ್ಪಿಗೆಯೇ.

ಎದೆಯುರಿಗೆ ರಾತ್ರಿ ಬೇಗ ಉಣ್ಣಿ. ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ತಿಳಿಸಿ.

ಇಷ್ಟು ದಿನ ಮುಂದಕ್ಕೆ ಮಾತ್ರ,
ತಮ್ಮ ವಿಶ್ವಾಸಿ,
ಹಿಂದಿನ ಸಾಲಿನ ಮೂರನೇ ಲಾರಿಯ ಚಾಲಕ, ಮಾಜಿ ದರ್ಜಿ

ತಾಜಾಕಲಂ: ನಾಳೆ ಬೆಳಿಗ್ಗೆ, ಹೊಸ ಕೆಲಸಕ್ಕೆ ಹೋಗುವ ಮೊದಲು, ನಾನು ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ; ಅವರು ಒಪ್ಪಿದ್ದಾರೆ, ವೈದ್ಯರೂ ಬರಹೇಳಿದ್ದಾರೆ. ಆದ್ದರಿಂದ ಅವರ ಬಳಿಯಿದ್ದ ಎಲ್ಲ ಲಾರಿಗಳ ಬೀಗದ ಕೈಗಳನ್ನು ತಮ್ಮ ಮೇಜಿನ ಮೇಲೆ, ಫ್ಯಾನಿಗೆ ತಾಕದ ಹಾಗೆ ಇಟ್ಟಿದ್ದೇನೆ. ಯಾವುದರಿಂದ ಶುರು ಮಾಡಬೇಕೆಂಬುದು ತಮ್ಮ ಇಷ್ಟ. ತಾವು ಲಾರಿ ಹತ್ತುವುದಾದರೆ ಕಾವಲುಗಾರರು ಸೀಟಿ ಊದಲು ಸಂತೋಷವಾಗಿ ಸಿದ್ಧರಿದ್ದಾರೆ. ರಸ್ತೆಯ ಆಚೆ ಬದಿಯಲ್ಲಿ, ಹುಣಸೆ ಮರದ ಹಿಂದೆ ನಿಂತು ಊದುತ್ತಾರಂತೆ.